ಖಾಲಿ ಚಟ್ಟದ ಹಾಡು

ಮೌರೊಲಿಥಿ, ಮಾನಿ
20 ಮಾರ್ಚ್ 1966

ಪ್ರೀತಿಯ ತಂಗಿ ಲಿಗೆರಿ,

ನಿನ್ನ ಪತ್ರವೂ ಶಾಲೂ ಒಟ್ಟಿಗೇ ಬಂದವು. ಶಾಲನ್ನು ಅಮ್ಮ ಒಮ್ಮೆ ಮೂಸಿ ನೋಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಸತ್ತಾಗ ಹೊದಿಸಬೇಕಂತೆ. ನೀಲಿ ಶಾಲು ಹೊದ್ದು ಸತ್ತವಳು ಈ ಊರಲ್ಲಿ ಇದುವರೆಗೆ ಯಾರೂ ಇಲ್ಲ, ಪಾದ್ರಿ ಏನನ್ನುತ್ತಾನೋ ನೋಡಬೇಕು.

ಈಸ್ಟರ್ ಮುಗಿದ ಮೇಲೆ ಮೆಲ್ಬರ್ನಿನ ನಮ್ಮವರ ಹಾಲ್‌ನಲ್ಲಿ ನಮ್ಮೂರಲ್ಲಿ ತೆಗೆದ ಸಿನಿಮಾ ತೋರಿಸುತ್ತಾರೆ ಅಂತ ಬರೆದಿದ್ದೀಯ. ಆರು ವರ್ಷ ತಪ್ಪಿಸಿಕೊಂಡಿದ್ದೆ, ಈಗ ಮನೆ ಬಾಗಿಲಿಗೇ ಬಂದಿದೆ ಅಂತ ಕುಣಿದಾಡುತ್ತಿದ್ದೀಯ. ನನ್ನ ಮಾತು ಕೇಳು, ಹೋಗಬೇಡ. ಬಹುಮಾನ ಬಂತು, ದೊಡ್ಡ ದೊಡ್ಡ ದೇಶದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಈಗ ಅದನ್ನು ಶಾಲೆಗಳಲ್ಲಿ ಪಾಠ ಮಾಡುತ್ತಾರಂತೆ, ಎಲ್ಲಾ ಸರಿ. ಆದರೆ ಅದರಲ್ಲಿ ಏನಿದೆ? ಮಗನ ಹೆಣವೂ ಸಿಗದ ರಾಣಿಯೊಬ್ಬಳು ಎರಡು ಗಂಟೆ ಗೋಡೆಗೆ ಒರಗಿ ನಿಲ್ಲುತ್ತಾಳೆ. ಹಿಂದಿನ ಕಾಲದಲ್ಲಿ ಬಯಲಲ್ಲಿ ಆಡುತ್ತಿದ್ದ ನಾಟಕವಂತೆ. ನಮ್ಮನ್ನು ಹನ್ನೆರಡು ಹೆಂಗಸರನ್ನು ಕರಿಬಟ್ಟೆ ಉಡಿಸಿ ಬಿಸಿಲಲ್ಲಿ ನಿಲ್ಲಿಸಿದರು. ಕರಿಬಟ್ಟೆಯನ್ನು ಅವರು ಅಥೆನ್ಸಿನಿಂದ ತಂದಿದ್ದರು ಅಂತ ಬೇರೆ ಹೇಳಬೇಕು, ಹೆಂಗಸರು ಕರಿಬಟ್ಟೆ ಬಿಟ್ಟು ಬೇರೇನೂ ಉಡದ ನಮ್ಮೂರಿಗೆ!

ನಿರ್ದೇಶಕ ಹುಲ್ಲಿನ ಟೋಪಿ ಹಾಕಿಕೊಂಡು, "ಖಾಲಿ ಚಟ್ಟದ ಮುಂದೆ ನಿಮ್ಮ ಕಡೆ ಹಾಡೋ ಸಾವಿನ ಹಾಡು ಒಂದನ್ನ ಹಾಡಿ" ಅಂದ. ಯಾರಿಗೂ ಬಾಯಿ ಬರಲಿಲ್ಲ. ಖಾಲಿ ಚಟ್ಟಕ್ಕೆ ಹಾಡಿ ಯಾರ ಮನೆಗೆ ಸಾವು ಕರೆಯೋದು? ಕೊನೆಗೆ ಅಮ್ಮ ಮುಂದೆ ಬಂದಳು. ಹಾಡುವ ಮೊದಲು ಅವಳು ಕೇಳಿದ್ದು ಒಂದೇ ಪ್ರಶ್ನೆ: "ಈ ಸಿನಿಮಾ ಆಸ್ಟ್ರೇಲಿಯಾಕ್ಕೆ ಹೋಗ್ತದಾ?" ಎಲ್ಲರೂ ನಕ್ಕರು. ಟೋಪಿಯವನೂ ನಕ್ಕು, "ಪ್ರಪಂಚ ಎಲ್ಲಾ ಹೋಗ್ತದೆ ಅಜ್ಜಿ" ಅಂದ.

ಅಮ್ಮನ ಮುಖ ಅದರಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಟಿಕೆಟ್ಟಿನ ದುಡ್ಡಲ್ಲಿ ನಿನ್ನ ಮಗನಿಗೆ ಏನಾದರೂ ಕೊಡಿಸು. ನಿನ್ನ ಗಂಡ ಲಿಯಾಸ್‌ಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ
ಸ್ತಮಾತಾ


ಮೆಲ್ಬರ್ನ್
18 ಏಪ್ರಿಲ್ 1966

ಅಕ್ಕ,

ನೀನು ಬೇಡ ಅಂದಿದ್ದಕ್ಕೇ ಹೋದೆ. ನನ್ನ ಬುದ್ಧಿ ನಿನಗೆ ಗೊತ್ತಿಲ್ಲದ್ದೇನಲ್ಲ. ಲಿಯಾಸ್‌ಗೂ ಮಗನಿಗೂ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಮುಂದಿನ ಸಾಲಲ್ಲೇ ಕೂತೆ. ಪಕ್ಕದವರಿಗೆಲ್ಲ, ಅಮ್ಮ ಬರುತ್ತಾಳೆ, ನೋಡುತ್ತಿರಿ ಅಂತ ಮೊದಲೇ ಸಾರಿದ್ದೆ.

ಅಮ್ಮನ ಮುಖ ಕಾಣುವುದಿಲ್ಲ ಅಂತ ಬರೆದಿದ್ದೆಯಲ್ಲ, ಪರದೆ ತುಂಬ ಅಮ್ಮನ ಮುಖವೇ. ಹಲ್ಲು ಬಿದ್ದ ಜಾಗವೂ ಕಾಣುತ್ತಿತ್ತು. ರಾಣಿ ಗೋಡೆಗೆ ತಿರುಗಿದಳು, ಅಮ್ಮ ಖಾಲಿ ಚಟ್ಟದ ತಲೆಯ ಕಡೆ ನಿಂತಳು, ತಲೆಬಟ್ಟೆ ಬಿಚ್ಚಿದಳು, ಹಾಡಿದಳು. ಹಾಲ್‌ನಲ್ಲಿ ಇದ್ದವರು ಹೆಚ್ಚಾಗಿ ದ್ವೀಪಗಳ ಕಡೆಯವರು, ಉತ್ತರದವರು. ನಮ್ಮ ಮಾತಿನ ಓಟ ಅವರಿಗೆ ಹಿಡಿಯುವುದಿಲ್ಲ. ಅರ್ಥವಾಗದೆಯೇ ಅತ್ತರು. ನನಗೆ ಅರ್ಥವಾಯಿತು. ಅಕ್ಷರ ಬಿಡದೆ ಬರೆಯುತ್ತೇನೆ, ತಪ್ಪಿದ್ದರೆ ಹೇಳು:

ಏಳೋ ಪಾನಾಗೋ, ಹಡಗು ಹತ್ತದ ಮಗನೇ,
ಕೂರೆಯಾರ ಗೋಪುರದ ಒಣ ತೊಟ್ಟಿಯಲ್ಲಿ ಮಲಗಿದವನೇ.
ನಾ ನೇಯ್ದ ನಡುಪಟ್ಟಿ ನಿನಗಿಂತ ಹೆಚ್ಚು ಬಾಳಿತು.
ಕಡಲಾಚೆ ಬೆಳೆಯುತ್ತಾನೆ ನಿನ್ನ ಹೆಸರು ಹೊತ್ತವನು,
ಅವನ ಕಿವಿಗೆ ಬೀಳಲಿ, ಅವನು ಕೇಳಲಿ.

ಕೂರೆಯಾರ ಗೋಪುರ ಅಂದರೆ ನನ್ನ ಗಂಡನ ಮನೆತನದ ಆ ಎತ್ತರದ ಕಲ್ಲುಮನೆ, ತೊಟ್ಟಿ ಅಂದರೆ ಅಲ್ಲಿನ ಬಾವಿಯಷ್ಟು ಆಳದ ಮಳೆನೀರಿನ ತೊಟ್ಟಿ. ಪಾನಾಗೋಸ್ ನಮ್ಮ ಅಣ್ಣ. ಗಿಥಿಯೋ ಬಂದರಿನಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕಾಕ್ಕೆ ಹೋದ, ಲಿಯಾಸ್‌ನನ್ನು ಮದುವೆಯಾಗಬೇಡ ಅಂದರೂ ನಾನು ಕೇಳಲಿಲ್ಲ ಅಂತ ಸಿಟ್ಟಿನಲ್ಲಿ ಹೋದ, ಅದಕ್ಕೇ ಕಾಗದ ಬರೆಯುವುದಿಲ್ಲ. ಹದಿನಾರು ವರ್ಷ ಹೀಗೆಂದುಕೊಂಡೇ ಬದುಕಿದ್ದೇನೆ. ಅವನು ಮನೆ ಬಿಟ್ಟದ್ದು ನನ್ನಿಂದ ಅಂತ ಪ್ರತಿ ಭಾನುವಾರ ಮೇಣದಬತ್ತಿ ಹಚ್ಚಿದ್ದೇನೆ, ಅದೂ ಸತ್ತವರದ್ದಲ್ಲ, ಬದುಕಿರುವವರ ಕಡೆಯ ತಟ್ಟೆಯಲ್ಲಿ.

ನಮ್ಮ ಹೆಂಗಸರು ಚಟ್ಟದ ಮುಂದೆ ಸುಳ್ಳು ಹಾಡುವುದಿಲ್ಲ ಅಕ್ಕ. ಸತ್ತವನ ಹೆಸರು, ಸತ್ತ ಜಾಗ, ಕೊಂದ ಮನೆ, ಸೇಡು ತೀರಿಸಬೇಕಾದವನು, ಇಷ್ಟನ್ನೂ ಹೇಳಿಯೇ ಬಾಯಿ ಮುಚ್ಚುವುದು. ಅವನು ಕೇಳಲಿ ಅಂದರೆ ರಕ್ತಕ್ಕೆ ಲೆಕ್ಕ ಕೇಳಲಿ ಅಂತ. ಬದುಕಿರುವವನ ಹೆಸರೆತ್ತಿ ಯಾವ ತಾಯಿಯೂ ಹಾಡುವುದಿಲ್ಲ.

ಮಗ ನನ್ನ ತೋಳು ಜಗ್ಗಿ, "ಅಮ್ಮ, ಅಜ್ಜಿ ನನ್ನ ಹೆಸರು ಹೇಳಿದ್ಲು. ನಾನು ಏನು ಕೇಳ್ಬೇಕಂತೆ?" ಅಂದ. ತಿರುಗಿ ನೋಡಿದರೆ ಲಿಯಾಸ್ ಕುರ್ಚಿಯಲ್ಲಿರಲಿಲ್ಲ. ಟೋಪಿ ಅಲ್ಲೇ ಬಿದ್ದಿತ್ತು.

ನಿನ್ನೆಯಿಂದ ಅವನು ಮನೆಯಲ್ಲಿ ಊಟ ಮಾಡಿಲ್ಲ. ನಾನು ಏನೂ ಕೇಳಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಅಂತ ಹೆದರಿಕೆ. ಆ ಗೋಪುರದಲ್ಲಿ ಆಗ ಎಷ್ಟೋ ಜನ ಇದ್ದರು, ಮಾವ ಇದ್ದ, ಅವನ ಅಣ್ಣತಮ್ಮಂದಿರಿದ್ದರು. ಯಾರು? ಅಮ್ಮನನ್ನು ಕೇಳಿ ತಕ್ಷಣ ಬರೆ. ನಾನು ಯಾರ ಪಕ್ಕ ಮಲಗುತ್ತಿದ್ದೇನೆ ಅನ್ನುವುದು ನನಗೆ ಗೊತ್ತಾಗಬೇಕು.

ಲಿಗೆರಿ


ಮೌರೊಲಿಥಿ
2 ಮೇ 1966

ಪ್ರೀತಿಯ ಲಿಗೆರಿ,

ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿನಿಮಾ ನೋಡಿ ಸಂಸಾರ ಹಾಳು ಮಾಡಿಕೊಳ್ಳುವವಳು ನೀನೊಬ್ಬಳೇ ಇರಬೇಕು. ಅದು ನಾಟಕ ಕಣೇ. ಹಾಡು ಅಂದರು, ಅಮ್ಮ ಬಾಯಿಗೆ ಬಂದದ್ದು ಹಾಡಿದಳು. ವಯಸ್ಸಾದವಳು, ಬಿಸಿಲಿತ್ತು, ನೆನಪಿಗೆ ಬಂದ ಹೆಸರು ಸೇರಿಸಿದಳು. ಪಾನಾಗೋಸ್ ಎಲ್ಲೋ ದನ ಕಾಯುತ್ತಾ ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದಾನೆ. ಕಾಗದ ಬರೆಯುವ ಅಭ್ಯಾಸ ಅವನಿಗೆ ಯಾವತ್ತಿತ್ತು?

ಲಿಯಾಸ್ ಒಳ್ಳೆಯ ಗಂಡ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಅವನಿಗೆ ಬಿಸಿಯಾಗಿ ಏನಾದರೂ ಮಾಡಿಹಾಕಿ ಮಾತಾಡಿಸು.

ಅಮ್ಮನಿಗೆ ನಿನ್ನ ಪತ್ರ ಪೂರ್ತಿ ಓದಿ ಹೇಳಲಿಲ್ಲ. ಲಿಗೆರಿ ಸಿನಿಮಾ ನೋಡಿದಳಂತೆ, ಚೆನ್ನಾಗಿತ್ತಂತೆ ಅಂದೆ. ಅಮ್ಮ ನನ್ನ ಮುಖ ನೋಡಿ, "ಅಷ್ಟೇನಾ?" ಅಂದಳು. ಅಷ್ಟೇ ಅಂದೆ. ಆಮೇಲೆ ಎದ್ದು ಆಡಿಗೆ ಸೊಪ್ಪು ಹಾಕಲು ಹೋದಳು.

ಸ್ತಮಾತಾ


ಮೆಲ್ಬರ್ನ್
14 ಮೇ 1966

ಅಕ್ಕ,

ನಿನ್ನ ಪತ್ರ ಇವತ್ತು ಬಂತು. ಲಿಯಾಸ್ ಕಳೆದ ಭಾನುವಾರವೇ ಬಾಯಿ ಬಿಟ್ಟಿದ್ದ. ಅದಕ್ಕೇ ನಿನ್ನ ದನ ಕಾಯುವ ಕಥೆಯನ್ನು ಎರಡೆರಡು ಸಲ ಓದಿದೆ, ನನ್ನ ಅಕ್ಕ ನನಗೆ ಎಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳು ಅಂತ ತಿಳಿಯಲು.

ನಾನು ಪಾತ್ರೆ ತೊಳೆಯುತ್ತಿದ್ದೆ. ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಬೆನ್ನಿಗೆ ಹೇಳಿದ. "ನಿನ್ನ ಅಣ್ಣ ಮಾತಾಡೋಕೆ ಅಂತ ಗೋಪುರಕ್ಕೆ ಬಂದ. ನಮ್ಮ ಮನೇಲಿ ಯಾರೂ ಇರ್ಲಿಲ್ಲ. ತಂಗೀನ ಕೊಡಲ್ಲ ಅಂದ. ನಾನು ತಳ್ದೆ. ತೊಟ್ಟಿಗೆ ಬಿದ್ದ." ನಾನು ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದು ಇರಲಿ ಅನ್ನಿಸಿತು. ಅವನೇ ಬಂದು ನಲ್ಲಿ ನಿಲ್ಲಿಸಿದ. "ಬಿದ್ದ ತಕ್ಷಣ ಸಾಯ್ಲಿಲ್ಲ ಲಿಗೆರಿ. ಕಾಲು ಮುರ್ದಿತ್ತು. ಹಗ್ಗ ಬಿಡು ಅಂತ ಕರೀತಿದ್ದ. ಹಗ್ಗ ಅಲ್ಲೇ ಇತ್ತು. ಮೇಲೆ ಬಂದ್ರೆ ನನ್ನ ಕೊಲ್ತಾನೆ ಅಂತ ಕೈ ಬರ್ಲಿಲ್ಲ. ಬೆಳಗಾಗೋವರ್ಗೂ ಕರೆದ."

ಹಡಗು ಹತ್ತಿದ್ದನ್ನು ಕಂಡೆ ಅಂತ ಊರಿಗೆಲ್ಲ ಹೇಳಿದವನು ಇವನೊಬ್ಬನೇ, ನೆನಪಿದೆಯಾ? ಬಂದರಿನವರೆಗೂ ಹೋಗಿ ಕಳಿಸಿಬಂದೆ ಅಂದಿದ್ದ. ಎಂಥ ದೊಡ್ಡ ಮನಸ್ಸು, ಬೇಡ ಅಂದವನನ್ನೂ ಕಳಿಸಿಬಂದ ಅಂತ ನಾನು ಅವನನ್ನು ಇನ್ನಷ್ಟು ಪ್ರೀತಿಸಿದೆ.

ಇನ್ನೊಂದು ಕೇಳು. ಮಗ ಹುಟ್ಟಿದಾಗ ಚೊಚ್ಚಲ ಗಂಡಿಗೆ ತನ್ನ ಅಪ್ಪನ ಹೆಸರಿಡುವುದು ಬಿಟ್ಟು, "ಪಾನಾಗೋಸ್ ಅಂತ ಇಡೋಣ" ಅಂದ. ಮಾವ ಒಂದು ವರ್ಷ ನಮ್ಮ ಜೊತೆ ಮಾತು ಬಿಟ್ಟ. ನನ್ನ ಮೇಲಿನ ಪ್ರೀತಿಗೆ ಸಂಪ್ರದಾಯವನ್ನೇ ಮುರಿದ ಅಂತ ನಾನು ಅತ್ತೆ, ಊರಿಗೆ ಉದ್ದುದ್ದ ಪತ್ರ ಬರೆದೆ. ತಾಯಿಯ ಅಣ್ಣನ ಹೆಸರನ್ನು ಮಗುವಿಗೆ ಇಡುವುದು ಆ ಅಣ್ಣ ಮದುವೆಯಾಗದೆ ಸತ್ತಿದ್ದರೆ ಮಾತ್ರ ಅನ್ನುವುದು ನನಗೆ ಹೊಳೆಯಲೇ ಇಲ್ಲ. ನನಗೆ ಗೊತ್ತಿಲ್ಲದ ಸಾವನ್ನು ಅವನು ನನ್ನ ಮಡಿಲಲ್ಲೇ ಮಲಗಿಸಿ ಹೆಸರಿಟ್ಟು ಕರೆಯುತ್ತಿದ್ದ.

ಅವನು ಈಗ ಹಿತ್ತಲಿನ ಶೆಡ್‌ನಲ್ಲಿ ಮಲಗುತ್ತಾನೆ. ಫ್ಯಾಕ್ಟರಿಗೆ ಹೋಗಿಬರುತ್ತಾನೆ. ಪೊಲೀಸರ ಹತ್ತಿರ ಹೋಗಲು ನನಗೆ ಕಾಲು ಬರುವುದಿಲ್ಲ, ಅವನ ಮುಖ ನೋಡಲು ಕಣ್ಣು ಬರುವುದಿಲ್ಲ. ಅಜ್ಜಿ ಕೇಳು ಅಂದದ್ದು ಏನನ್ನು ಅಂತ ಮಗ ದಿನಾ ಕೇಳುತ್ತಾನೆ. ಹನ್ನೊಂದು ವರ್ಷದ ಹುಡುಗನ ಮೇಲೆ ಅಮ್ಮ ಇದನ್ನು ಹೊರಿಸಿದ್ದಾಳೆ, ಅವನ ಅಪ್ಪನ ರಕ್ತವನ್ನು. ಇನ್ನು ಏಳೆಂಟು ವರ್ಷಕ್ಕೆ ಅವನು ಗಂಡಸಾಗುತ್ತಾನೆ, ಆಗ? ನಾನು ಯಾರಿಗೆ ಅಡ್ಡ ನಿಲ್ಲಲಿ?

ಈ ಪತ್ರವನ್ನು ಅಮ್ಮನಿಗೆ ಓದು. ಅವಳಿಗೆ ಏನು ಬೇಕು ಅಂತ ಕೇಳು. ಓದದೆ ಹೋದರೆ ನನಗೆ ಅಕ್ಕನೂ ಇಲ್ಲ.

ಲಿಗೆರಿ


ಮೌರೊಲಿಥಿ
30 ಮೇ 1966

ಲಿಗೆರಿ,

ಓದಿದೆ. ಒಂದಕ್ಷರ ಬಿಡದೆ ಓದಿದೆ. ನನ್ನನ್ನು ಬೈದದ್ದನ್ನೂ ಓದಿದೆ.

ನಿನ್ನ ಮಗನಿಗೆ ಹೆಸರಿಟ್ಟ ಪತ್ರ ಬಂದ ದಿನವೇ ಅಮ್ಮನಿಗೆ ಗೊತ್ತಾಯಿತು. ನಾನು ಹಿಗ್ಗಿ ಓದುತ್ತಿದ್ದೇನೆ, ಅವಳು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, "ಅಳಿಯಂಗೆ ಗೊತ್ತು, ನನ್ನ ಮಗ ಇಲ್ಲ" ಅಂದಳು. ಹುಚ್ಚಿ ಅಂದೆ. ಕೂರೆಯಾರೆಲ್ಲ ಅಷ್ಟು ಹೊತ್ತಿಗೆ ಆಸ್ಟ್ರೇಲಿಯಾ ಸೇರಿದ್ದರು, ಗೋಪುರಕ್ಕೆ ಬೀಗ. ಅಮ್ಮ ಬೇಲಿ ಹಾರಿ ಹೋಗಿ ಹುಡುಕತೊಡಗಿದಳು. ಆಡು ತಪ್ಪಿಸಿಕೊಂಡಿದೆ ಅಂತ ಊರವರಿಗೆ ಹೇಳುತ್ತಿದ್ದಳು. ಕೊನೆಗೆ ಒಂದು ದಿನ ನನ್ನನ್ನೂ ಕರೆದುಕೊಂಡು ಹೋದಳು. ಕನ್ನಡಿ ಹಿಡಿದು ಬಿಸಿಲನ್ನು ತೊಟ್ಟಿಯೊಳಗೆ ಬಿಟ್ಟೆವು. ಕೆಂಪು ನಡುಪಟ್ಟಿ ಕಂಡಿತು. ಅದನ್ನು ಅವಳೇ ನೇಯ್ದದ್ದು, ನಾನೇ ನೂಲು ಸುತ್ತಿಕೊಟ್ಟದ್ದು.

ನಿನಗೆ ಬರೆ ಅಂದಳು. ಬರೆಯುವುದಿಲ್ಲ ಅಂದೆ. ನೀನು ಅಲ್ಲಿ ಒಬ್ಬಳೇ, ಭಾಷೆ ಬಾರದ ದೇಶ, ಮೊಲೆಹಾಲಿನ ಮಗು. ತಿಳಿದು ಏನು ಮಾಡುತ್ತಿದ್ದೆ? ಬೇರೆಯವರ ಕೈಲಿ ಬರೆಸುತ್ತೇನೆ ಅಂದಳು. ಊರಿಗೆ ತಿಳಿದರೆ ನಮ್ಮ ಕುಲದ ಯಾವನಾದರೂ ಬಂದೂಕು ಹಿಡಿದು ಹಡಗು ಹತ್ತುತ್ತಾನೆ, ನಿನ್ನ ಮಗಳು ವಿಧವೆಯಾಗುತ್ತಾಳೆ ಅಂತ ಹೆದರಿಸಿ ಬಾಯಿ ಮುಚ್ಚಿಸಿದೆ. ಐದು ವರ್ಷ ಮುಚ್ಚಿಕೊಂಡಿದ್ದಳು. ಆಮೇಲೆ ಆ ಟೋಪಿಯವನು ಬಂದ.

ಹಾಡು ಮುಗಿದಾಗ ಉಳಿದ ಹೆಂಗಸರು ತಲೆಬಟ್ಟೆಯನ್ನು ಬಾಯಿಗೆ ತುರುಕಿಕೊಂಡರು. ಅವತ್ತಿನಿಂದ ಒಬ್ಬಳೂ ಅದರ ಮಾತೆತ್ತಿಲ್ಲ. ಟೋಪಿಯವನು ಮಾತ್ರ ಕಣ್ಣೊರೆಸಿಕೊಂಡು, "ಏನು ಹಾಡಿದ್ರು?" ಅಂತ ನನ್ನನ್ನೇ ಕೇಳಿದ. ಹಳೇ ಹಾಡು ಸ್ವಾಮಿ ಅಂದೆ. ಮನೆಗೆ ಬಂದು ಅಮ್ಮನ ಜೊತೆ ಜಗಳವಾಡಿದೆ. "ನೀನು ಬರೆಯಲ್ಲ ಅಂದೆ. ನಾನು ಹಾಡ್ದೆ" ಅಂದಳು. ಆ ಸಿನಿಮಾಕ್ಕೆ ಬಹುಮಾನ ಬಂದ ಸುದ್ದಿ ಕೇಳಿ ಊರೆಲ್ಲ ಗಂಟೆ ಬಾರಿಸಿದರೆ ನಾನು ಹಾಸಿಗೆ ಹಿಡಿದೆ. ಇನ್ನು ಅದು ಎಲ್ಲ ಕಡೆಗೂ ಹೋಗುತ್ತದೆ ಅಂತ ಗೊತ್ತಾಗಿ.

ನಿನ್ನ ಪತ್ರ ಓದಿ ಮುಗಿಸಿದಾಗ ಅಮ್ಮ, ಬೆಳಗಾಗುವವರೆಗೂ ಕರೆದ ಅನ್ನುವ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಅವಳು ಹೇಳಿದ್ದು ಇಷ್ಟು: "ಹುಡುಗನ್ನ ಅವನ ಪಾಡಿಗೆ ಬಿಡಿ. ಆ ಮಾತು ಸಿಟ್ಟಲ್ಲಿ ಬಂತು, ಹಾಡಿದ್ದನ್ನ ನುಂಗೋಕಾಗಲ್ಲ. ಲಿಯಾಸ್ ಬರ್ಲಿ. ನನ್ನ ಮುಂದೆ ಬರ್ಲಿ." ಬಂದರೆ ಏನು ಮಾಡುತ್ತೀಯ ಅಂತ ಕೇಳಿದೆ. ಎದ್ದು ಆಡಿಗೆ ನೀರಿಡಲು ಹೋದಳು.

ಕಳಿಸಬೇಡ ಲಿಗೆರಿ. ಅವಳನ್ನು ನೋಡಿದರೆ ನನಗೇ ಭಯವಾಗುತ್ತದೆ.

ಸ್ತಮಾತಾ


ಮೆಲ್ಬರ್ನ್
20 ಜೂನ್ 1966

ಅಕ್ಕ,

ಅವನು ನಿನ್ನೆ ಹಡಗು ಹತ್ತಿದ. ನಾನು ಕಳಿಸಲಿಲ್ಲ, ತಡೆಯಲೂ ಇಲ್ಲ. ನಿನ್ನ ಪತ್ರವನ್ನು ಶೆಡ್‌ನ ಬಾಗಿಲ ಸಂದಿಯಲ್ಲಿ ಇಟ್ಟುಬಂದೆ, ಅಷ್ಟೇ. ಮಾರನೆ ದಿನ ಅವನು ಟಿಕೆಟ್ಟಿಗೆ ಹೋದ.

ಹೊರಡುವ ಮೊದಲು ಮಗನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ತಾನೇ ಹೇಳಿದ. ನಾನು ಒಳಗಿನಿಂದ ಕೇಳಿಸಿಕೊಂಡೆ. ಒಂದನ್ನೂ ತನ್ನ ಪರವಾಗಿ ತಿರುಗಿಸಿ ಹೇಳಲಿಲ್ಲ. ಹಗ್ಗದ ವಿಷಯವನ್ನೂ ಹೇಳಿದ. ಹುಡುಗ, "ನೀನು ಹಗ್ಗ ಯಾಕೆ ಬಿಡ್ಲಿಲ್ಲ?" ಅಂತ ಮೂರು ನಾಲ್ಕು ಸಲ ಕೇಳಿದ. ಅವತ್ತಿನಿಂದ ನನ್ನ ಜೊತೆಯೂ ಮಾತು ಕಡಿಮೆ.

ಅವನ ಪೆಟ್ಟಿಗೆಯನ್ನು ನಾನು ಕಟ್ಟಲಿಲ್ಲ. ಚಳಿಗೆ ಕೋಟು ಇಟ್ಟುಕೊಂಡನೋ ಇಲ್ಲವೋ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ, ಯೋಚಿಸಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಅಣ್ಣ ಕರೆದದ್ದು ಕಿವಿಯಲ್ಲಿದೆ, ಇವನ ಕೋಟೂ ಕಣ್ಣಲ್ಲಿದೆ. ಇಂಥ ಹೆಂಗಸನ್ನು ಏನನ್ನಬೇಕು, ನೀನೇ ಹೇಳು.

ಅಮ್ಮ ಅವನನ್ನು ಕೊಂದರೂ ನಾನು ಅವಳನ್ನು ದೂರುವುದಿಲ್ಲ. ಕೊಲ್ಲದಿರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ. ಇವೆರಡನ್ನೂ ಅವಳಿಗೆ ಓದು.

ಲಿಗೆರಿ


ಮೌರೊಲಿಥಿ
9 ಆಗಸ್ಟ್ 1966

ಲಿಗೆರಿ,

ಬದುಕಿದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ, ನೀನು ನಿಂತುಕೊಂಡೇ ಓದುತ್ತಿರುತ್ತೀಯ.

ಕಳೆದ ವಾರ ಬಂದ. ಊರ ಗಡಿಯಲ್ಲಿ ಬೂಟು ಬಿಚ್ಚಿ, ಆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದುಬಂದು ನಮ್ಮ ಹೊಸ್ತಿಲ ಹೊರಗೆ ಮಂಡಿಯೂರಿದ. ಊರಿನ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಅಮ್ಮ ಹೊರಗೆ ಬಂದು ಅವನ ಮುಂದೆ ಹಗ್ಗದ ಸುರುಳಿ ಹಾಕಿ, "ಏಳು. ನನ್ನ ಮಗನ್ನ ತಾ" ಅಂದಳು.

ಸಂಜೆಯ ಹೊತ್ತಿಗೆ ಗೋಪುರಕ್ಕೆ ಹೋದೆವು. ಅವನು ತೊಟ್ಟಿಗೆ ಇಳಿದ. ಮೂಳೆಗಳನ್ನು ಆರಿಸಿ ಬುಟ್ಟಿಗೆ ತುಂಬಿದ, ನಾವು ಬುಟ್ಟಿ ಎಳೆದುಕೊಂಡೆವು. ಆಮೇಲೆ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು, "ಅತ್ತೆ, ಎಳೀರಿ" ಅಂದ. ಅಮ್ಮ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಅದರ ಮೇಲೆ ಕೂತಳು. ಎಳೆಯಲಿಲ್ಲ.

"ಅತ್ತೆ" ಅಂತ ಮತ್ತೆ ಕರೆದ. ಕತ್ತಲಾಯಿತು. ನಾನು ಅವಳ ಕಾಲು ಹಿಡಿದೆ, ನಿನ್ನ ಹೆಸರು ಹೇಳಿದೆ, ಹುಡುಗನ ಹೆಸರು ಹೇಳಿದೆ. "ನನ್ನ ಮಗನೂ ಹೀಗೇ ಕರೆದ" ಅಂದಳು. ಕೆಳಗೆ ಅವನು ಸ್ವಲ್ಪ ಹೊತ್ತು ಅತ್ತ. ಆಮೇಲೆ ಕರೆಯುವುದನ್ನೇ ಬಿಟ್ಟ. ಕರೆಯುತ್ತಿದ್ದರೇ ವಾಸಿಯಿತ್ತು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಹಾಗೇ ಕೂತಿದ್ದಳು. ನಾನು ಇಡೀ ರಾತ್ರಿ ಕಲ್ಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದೆ. ಗುಡ್ಡದ ಮೇಲೆ ಬೆಳಕು ಹರಿದಾಗ ಅಮ್ಮ ಎದ್ದು, "ಬಾ, ಎಳಿ" ಅಂದಳು. ಇಬ್ಬರೂ ಎಳೆದೆವು. ಅವಳ ಅಂಗೈ ಸುಲಿದು ರಕ್ತ ಬಂತು, ಬಿಡಲಿಲ್ಲ.

ಮೂಳೆಗಳನ್ನು ವೈನಿನಲ್ಲಿ ತೊಳೆಯುವುದು ನಮ್ಮ ಹೆಂಗಸರ ಕೆಲಸವಲ್ಲವೇ, ಅಮ್ಮ ಅದನ್ನು ಅವನ ಕೈಲಿ ಮಾಡಿಸಿದಳು. ಒಂದೊಂದನ್ನೂ ತೊಳೆದು ಬಿಳಿ ಬಟ್ಟೆಯ ಮೇಲಿಟ್ಟ. ಮುರಿದ ಕಾಲಿನ ಮೂಳೆ ಕೈಗೆ ಬಂದಾಗ ಅವನಿಗೆ ಮುಂದೆ ಮಾಡಲಾಗಲಿಲ್ಲ. ಅವನು ಅದನ್ನೂ ತೊಳೆದಿಡುವವರೆಗೆ ಅಮ್ಮ ಕಾದಳು. ನಿನ್ನ ನೀಲಿ ಶಾಲು ತಂದು ಅದರಲ್ಲೇ ಪಾನಾಗೋಸ್‌ನನ್ನು ಸುತ್ತಿದಳು. ಮಣ್ಣಿಗಿಡುವಾಗ ಹೆಂಗಸರೆಲ್ಲ ಅವಳ ಹಾಡಿಗೆ ಕಾದು ನಿಂತರು. "ಒಬ್ಬನಿಗೆ ಒಂದೇ ಹಾಡು. ಹಾಡಿಯಾಗಿದೆ" ಅಂದಳು.

ಲಿಯಾಸ್ ವಾಪಸು ಹೊರಟಿದ್ದಾನೆ. ಅಮ್ಮ ಅವನಿಗೆ ಊಟ ಹಾಕಲಿಲ್ಲ, ಶಾಪವನ್ನೂ ಹಾಕಲಿಲ್ಲ. ನಿನಗೆ ಹೇಳಿ ಕಳಿಸಿದ್ದು ಇಷ್ಟು: "ನನ್ನ ಲೆಕ್ಕ ನಾನು ಮುಗಿಸ್ದೆ. ನಿನ್ನ ಬಾಗಿಲು ನಿನ್ನದು."

ಅಂದ ಹಾಗೆ ಅಮ್ಮ ಈಗ ಹಾಸಿಗೆಯಲ್ಲಿದ್ದಾಳೆ. ಕೈಗೆ ಪಟ್ಟಿ ಕಟ್ಟಿದ್ದೇನೆ. ಬೇಗ ಬರೆ.

ಸ್ತಮಾತಾ


ಮೆಲ್ಬರ್ನ್
25 ಸೆಪ್ಟೆಂಬರ್ 1966

ಅಕ್ಕ, ಅಮ್ಮ,

ಹಡಗು ಇವತ್ತು ಬೆಳಿಗ್ಗೆ ಬಂತು. ನಾನು ಬಂದರಿಗೆ ಹೋಗಲಿಲ್ಲ. ಚರ್ಚಿಗೆ ಹೋಗಿ ಅಣ್ಣನ ಮೇಣದಬತ್ತಿಯನ್ನು ಸತ್ತವರ ಕಡೆ ಇಟ್ಟು ಬಂದೆ. ಮನೆಗೆ ಬಂದರೆ ಮಗ ಇರಲಿಲ್ಲ. ನನಗೆ ಹೇಳದೆ ಟ್ರಾಮ್ ಹತ್ತಿ ಬಂದರಿಗೆ ಹೋಗಿದ್ದಾನೆ. ಅಡುಗೆಮನೆಯ ಚಾಕುಗಳನ್ನು ಎಣಿಸಿದೆ ಅಮ್ಮ. ನನ್ನ ಮಗನ ಮೇಲೆ ನಾನು ಹಾಗೆ ಅನುಮಾನಪಟ್ಟೆ. ಚಾಕುಗಳೆಲ್ಲ ಇದ್ದವು. ಅವತ್ತು ಹಾಲ್‌ನಿಂದ ನಾನು ಎತ್ತಿ ತಂದಿಟ್ಟಿದ್ದ ಅವನಪ್ಪನ ಟೋಪಿ ಇರಲಿಲ್ಲ.

ಮಧ್ಯಾಹ್ನ ಇಬ್ಬರೂ ಬಂದರು. ಕಿಟಕಿಯಿಂದ ನೋಡಿದೆ. ಲಿಯಾಸ್‌ನ ತಲೆ ಪೂರಾ ನರೆತಿದೆ. ಟೋಪಿ ಅವನ ಕೈಯಲ್ಲಿತ್ತು, ಹಾಕಿಕೊಂಡಿರಲಿಲ್ಲ. ನಾನು ಒಳಗಿನಿಂದ ಅಗುಳಿ ಹಾಕಿದೆ. ಅವನು ತಟ್ಟಲಿಲ್ಲ, ಗೇಟಿನ ಹೊರಗೇ ನಿಂತ. ನಾನು ಕೂತು ಈ ಪತ್ರ ಬರೆಯಲು ಶುರು ಮಾಡಿದೆ, ಬೇರೆ ಏನು ಮಾಡಬೇಕೋ ತೋಚದೆ.

ಬಾಗಿಲು ತಟ್ಟಿದವನು ಮಗ. ಮೆಲ್ಲಗೆ ತಟ್ಟಿದ. "ಅಮ್ಮ, ಅಜ್ಜಿ ನನಗೆ ಕೇಳು ಅಂದ್ಲಲ್ಲ. ನಾನು ಅಪ್ಪನ್ನ ಕೇಳ್ದೆ, ಅವನು ಹೇಳ್ದ. ಅಪ್ಪ ಗೇಟಿನ ಹತ್ರ ನಿಂತಿದ್ದಾನೆ, ಒಳಗೆ ಬರ್ಲಾ ಅಂತ ಕೇಳೋಕೂ ಅವನಿಗೆ ಬಾಯಿ ಬರ್ತಿಲ್ಲ. ಮಾಮನ ಹೆಸರಿನವನು ನಾನು ತಾನೆ? ನಾನೇ ಕೇಳ್ತಿದ್ದೀನಿ. ಬಾಗಿಲು ತೆಗಿ."

ಅಮ್ಮ, ಅವನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಕ್ಷಮಿಸಿಲ್ಲ, ಇನ್ನು ಮುಂದೆ ಆಗುತ್ತದೋ ಗೊತ್ತಿಲ್ಲ. ಅವನ ಪಕ್ಕ ಮಲಗಲಾರೆ. ಆದರೆ ಕರೆಯುತ್ತಿರುವವನು ಪಾನಾಗೋಸ್. ಆ ಹೆಸರಿನವನು ಒಮ್ಮೆ ಬೆಳಗಾಗುವವರೆಗೂ ಕರೆದ, ಯಾರೂ ಓಗೊಡಲಿಲ್ಲ. ಇನ್ನೊಂದು ಸಲ ಹಾಗಾಗಲು ನಾನು ಬಿಡುವುದಿಲ್ಲ. ತೆಗೆಯಲು ಏಳುತ್ತಿದ್ದೇನೆ.

ಅಕ್ಕ, ಇದನ್ನು ಅಮ್ಮನಿಗೆ ಓದು. ಒಂದು ಸಾಲನ್ನೂ ಬಿಡಬೇಡ.

ಲಿಗೆರಿ